ಕಾರಿನ ಡಬ್ಬಿ ತೆರೆಯದಿದ್ದಾಗ: ಹೊಲಿಗೆ ಅಂಗಡಿಯಲ್ಲಿ ಒಂದು ಬೀಗ ರಿಪೇರಿ

ತೀರ್ಥಹಳ್ಳಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು, ಲಂಗ, ಶಾಲೆಯ ಯೂನಿಫಾರಂ ಹೊಲಿಯುತ್ತೇನೆ, ಹೊಲಿದದ್ದನ್ನು ಸುತ್ತಲಿನ ಊರುಗಳಿಗೆ ನಾನೇ ಮುಟ್ಟಿಸುತ್ತೇನೆ. ಅದಕ್ಕೆಂದೇ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ ಈಗ ಹದಿನಾಲ್ಕು ವರ್ಷ. ಹೋದ ವರ್ಷ ಆರಿದ್ರಾ ಮಳೆಯಲ್ಲಿ ಆಗುಂಬೆಗೆ ಮದುವೆಯ ಬ್ಲೌಸುಗಳನ್ನು ಒಯ್ದಿದ್ದೆ. ಕೈ ಅಳತೆ ಸ್ವಲ್ಪ ಬದಲಾಯಿಸಬೇಕೆಂದು ಹುಡುಗಿಯ ತಾಯಿ ಹೇಳಿದರು. ಅಳತೆ ಪುಸ್ತಕ ತೆಗೆಯಲು ಹೋದರೆ ಎಡಗಡೆಯ ಸೀಟಿನ ಎದುರಿನ ಡಬ್ಬಿ ತೆರೆಯಲೇ ಇಲ್ಲ. ಬೀಗ ಹಾಕಿರಲಿಲ್ಲ. ಕೈಹಿಡಿ ಎಳೆದರೆ ಸುಮ್ಮನೆ ಸಡಿಲವಾಗಿ ಮುಂದೆ ಬರುತ್ತಿತ್ತು, ಡಬ್ಬಿ ಮಾತ್ರ ಕದಲದು. ಆರ್‌ಸಿಯೂ ಅದರೊಳಗೇ ಇತ್ತು. ದಾರಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದಾಗ ಮೊಬೈಲಿನ ಡಿಜಿಲಾಕರ್ ಮಾನ ಉಳಿಸಿತು. ಅದರಲ್ಲಿರುವ ದಾಖಲೆಗೂ ಮೂಲ ದಾಖಲೆಯಷ್ಟೇ ಬೆಲೆ ಇದೆ.

ಗ್ಯಾರೇಜಿನ ಹುಡುಗ ಎರಡು ಸಲ ಎಳೆದು ನೋಡಿ, "ಅಕ್ಕಾ, ಇದಕ್ಕೆ ಬೀಗ ಬೇರೆಯಾಗಿ ಸಿಗುವುದಿಲ್ಲ. ಇಡೀ ಡಬ್ಬಿಯನ್ನೇ ಬದಲಿಸಬೇಕು, 2,800 ಆಗುತ್ತದೆ" ಎಂದ. ತೋಳು ಬಿಗಿಯಾಯಿತೆಂದು ಯಾರಾದರೂ ಹೊಸ ಬ್ಲೌಸು ಹೊಲಿಸುತ್ತಾರೆಯೇ? ಗಾಡಿಯನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿಕೊಂಡೆ.

ಗ್ಯಾರೇಜಿನವರು ಗ್ಲೋವ್ ಬಾಕ್ಸ್ ಎನ್ನುವ ಈ ಡಬ್ಬಿಯ ಬೀಗದಲ್ಲಿ ಅಂಥ ಗುಟ್ಟೇನೂ ಇಲ್ಲ. ಕೈಹಿಡಿಯನ್ನು ಎಳೆದಾಗ ಅದರ ಹಿಂದಿರುವ ಒಂದು ನಾಲಗೆ ಹಿಂದಕ್ಕೆ ಸರಿಯುತ್ತದೆ. ಈ ನಾಲಗೆ ಕೂತಿರುವುದು ಡ್ಯಾಶ್‌ಬೋರ್ಡಿನ ಅಂಚಿನಲ್ಲಿರುವ ಒಂದು ಕೊಂಡಿಯಲ್ಲಿ. ಕೊಂಡಿಯಿಂದ ನಾಲಗೆ ಬಿಟ್ಟರೆ ಡಬ್ಬಿ ತೆರೆಯಿತು. ಕೈ ಬಿಟ್ಟಾಗ ನಾಲಗೆಯನ್ನು ಮತ್ತೆ ಹೊರಗೆ ತಳ್ಳುವುದು ಒಂದು ಚಿಕ್ಕ ಸ್ಪ್ರಿಂಗ್. ಬೀಗದ ಕೈ ಹಾಕುವ ಬ್ಯಾರಲ್ ಈ ಚಲನೆಗೆ ಅಡ್ಡ ನಿಲ್ಲುತ್ತದೆ, ಅಷ್ಟೇ ಅದರ ಕೆಲಸ. ಹಾಗಾಗಿ ಬೀಗ ಹಾಕದಿದ್ದರೂ ಡಬ್ಬಿ ತೆರೆಯುತ್ತಿಲ್ಲವೆಂದರೆ ದೋಷ ಹೆಚ್ಚಾಗಿ ನಾಲಗೆಯಲ್ಲಿ, ಸ್ಪ್ರಿಂಗಿನಲ್ಲಿ ಅಥವಾ ಕೈಹಿಡಿಯಲ್ಲಿ ಇರುತ್ತದೆ. ಬೀಗದ ಕೈಯೇ ತಿರುಗದಿದ್ದರೆ ದೋಷ ಬ್ಯಾರಲ್‌ನಲ್ಲಿ. ಮುಚ್ಚಿದ ಡಬ್ಬಿ ಗುಂಡಿ ಬಂದಾಗಲೆಲ್ಲ ತಾನೇ ಬಾಯಿ ತೆರೆಯುತ್ತಿದ್ದರೆ ನಾಲಗೆಯೂ ಕೊಂಡಿಯೂ ಸರಿಯಾಗಿ ಕೂಡುತ್ತಿಲ್ಲ. ನಿಮ್ಮದು ಇವುಗಳಲ್ಲಿ ಯಾವುದೆಂದು ತಿಳಿಯುವ ಮೊದಲು ಸ್ಕ್ರೂ ಡ್ರೈವರ್ ಮುಟ್ಟಬೇಡಿ. ಬಟ್ಟೆ ಎಲ್ಲಿ ಎಳೆಯುತ್ತಿದೆ ಎಂದು ನೋಡದೆ ಹೊಲಿಗೆ ಬಿಚ್ಚುವವರನ್ನು ನಾನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

ಸಿಕ್ಕಿಹಾಕಿಕೊಂಡ ಡಬ್ಬಿಯನ್ನು ಒಡೆಯದೆ ತೆರೆಯುವುದು ಮೊದಲ ಕೆಲಸ. ಎಲ್ಲರೂ ಹೊರಗೆ ಎಳೆಯುತ್ತಾರೆ, ಎಳೆದಷ್ಟೂ ನಾಲಗೆ ಕೊಂಡಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಮಾಡಬೇಕಾದದ್ದು ತಿರುಗುಮುರುಗು. ಒಂದು ಅಂಗೈಯಿಂದ ಮುಚ್ಚಳವನ್ನು ಗಟ್ಟಿಯಾಗಿ ಒಳಕ್ಕೆ ಒತ್ತಿ ಹಿಡಿದು, ಆ ಒತ್ತಡದಲ್ಲಿಯೇ ಇನ್ನೊಂದು ಕೈಯಿಂದ ಕೈಹಿಡಿಯನ್ನು ಎಳೆಯಿರಿ. ಬೀಗದ ಪಕ್ಕದಲ್ಲಿ ಮುಷ್ಟಿಯಿಂದ ಎರಡು ಹದವಾದ ಗುದ್ದು ಕೊಟ್ಟರೂ ತಪ್ಪಿಲ್ಲ. ಅದಕ್ಕೂ ಬಗ್ಗದಿದ್ದರೆ ಮಕ್ಕಳ ತೆಳ್ಳಗಿನ ಪ್ಲಾಸ್ಟಿಕ್ ಸ್ಕೇಲನ್ನು ಮೇಲಿನ ಸಂದಿಯಲ್ಲಿ ತೂರಿಸಿ, ನಾಲಗೆ ತಾಗುವ ಜಾಗ ಹುಡುಕಿ ನಿಧಾನವಾಗಿ ಒತ್ತಬೇಕು. ಕಬ್ಬಿಣದ ಸ್ಕ್ರೂ ಡ್ರೈವರ್ ತುರುಕಿ ಮೀಟಿದರೆ ಡ್ಯಾಶ್‌ಬೋರ್ಡಿನ ಅಂಚು ಬಿಳಿಚಿಕೊಂಡು ಸೀಳುತ್ತದೆ, ಆ ಗಾಯ ಮತ್ತೆ ಮಾಯುವುದಿಲ್ಲ. ನನ್ನದು ಸ್ಕೇಲಿಗೆ ಒಲಿಯಿತು.

ಬಿಚ್ಚುವ ಮೊದಲು ಒಂದು ಎಚ್ಚರಿಕೆ ಇದೆ, ಇದರಲ್ಲಿ ತಮಾಷೆ ಇಲ್ಲ. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಬಂದ ಹೊಸ ಮಾದರಿಯ ಕಾರುಗಳಿಗೆ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ, ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲಿಯೂ ಇದೆ. ಎಡಗಡೆಯ ಏರ್‌ಬ್ಯಾಗ್ ಕೂತಿರುವುದು ಸಾಮಾನ್ಯವಾಗಿ ಈ ಡಬ್ಬಿಯ ಮೇಲ್ಗಡೆಯಲ್ಲಿಯೇ. ನಿಮ್ಮ ಕಾರಿನಲ್ಲಿ ಅದಿದ್ದರೆ ಇಗ್ನಿಷನ್ ಬಂದ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಕೆಲವು ನಿಮಿಷ ಬಿಟ್ಟು ಕೆಲಸಕ್ಕೆ ಕೈಹಾಕಿ. ಡಬ್ಬಿ ಹೊರಗೆ ಬಂದ ಮೇಲೆ ಹಳದಿ ಬಣ್ಣದ ವೈರು, ಹಳದಿ ಕನೆಕ್ಟರ್ ಕಣ್ಣಿಗೆ ಬಿದ್ದರೆ ಅದನ್ನು ಮುಟ್ಟುವುದೂ ಬೇಡ, ಎಳೆಯುವುದೂ ಬೇಡ. ನನ್ನ ಹಳೆಯ ಗಾಡಿಗೆ ಆ ಭಾಗ್ಯವಿಲ್ಲದ್ದರಿಂದ ನೇರವಾಗಿ ಶುರು ಮಾಡಿದೆ.

ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿ, ತೆರೆದಿಡಿ. ಒಂದು ಬದಿಯಲ್ಲಿ ದಾರದಂಥದ್ದೋ ಸಣ್ಣ ಕೋಲಿನಂಥದ್ದೋ ಇದ್ದರೆ ಅದು ಡ್ಯಾಂಪರ್, ಡಬ್ಬಿ ದಡಕ್ಕನೆ ಬೀಳದಂತೆ ತಡೆಯುವುದು ಅದೇ. ಅದನ್ನು ಮೊದಲು ಬಿಡಿಸಿಕೊಳ್ಳಿ. ಆಮೇಲೆ ಡಬ್ಬಿಯ ಎರಡೂ ಪಕ್ಕಗಳನ್ನು ಒಳಮುಖವಾಗಿ ಹಿಸುಕಿದರೆ ಬದಿಯ ತಡೆಗಳು ತಪ್ಪಿ ಡಬ್ಬಿ ಪೂರ್ತಿ ಕೆಳಗೆ ಇಳಿಯುತ್ತದೆ, ಕೆಳಗಿನ ಕೀಲಿನಿಂದ ಎತ್ತಿದರೆ ಕೈಗೆ ಬರುತ್ತದೆ. ಕೆಲವು ಕಾರುಗಳಲ್ಲಿ ಹಿಸುಕುವ ಬದಲು ಕೆಳಗೆ ಸ್ಕ್ರೂ ಇರುತ್ತವೆ. ಹಳೆಯ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ, ಆದ್ದರಿಂದ ಗಾಡಿಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ನಿಲ್ಲಿಸಿ ಬಿಚ್ಚುವುದು ಲೇಸು. ಆರಿದ್ರಾ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು ಎಂದು ಕೇಳಬೇಡಿ. ನಾನು ಮೂರು ದಿನ ಕಾದೆ.

ನಾಲಗೆಯ ಜೋಡಣೆ ಮುಚ್ಚಳದ ಒಳಮೈಗೆ ಎರಡು ಸ್ಕ್ರೂಗಳಿಂದ ಕೂತಿತ್ತು. ಹೊಲಿಗೆ ಯಂತ್ರದ ಸ್ಕ್ರೂ ಡ್ರೈವರೇ ಸಾಕಾಯಿತು. ಬಿಚ್ಚುವ ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಸ್ಪ್ರಿಂಗಿನ ಯಾವ ಕಾಲು ಎಲ್ಲಿ ಒರಗಿತ್ತು ಎಂಬುದು ನೆನಪಿನಲ್ಲಿ ಇರುತ್ತದೆ ಎಂದು ನಂಬಿದವರೆಲ್ಲ ಆಮೇಲೆ ಪೇಚಾಡುತ್ತಾರೆ. ಟೇಬಲ್ಲಿನ ಮೇಲೆ ಗಾಢ ಬಣ್ಣದ ಬಟ್ಟೆ ಹಾಸಿಕೊಂಡು ಅದರ ಮೇಲೆ ಕೆಲಸ ಮಾಡಿ. ಹಾರಿದ ಸ್ಪ್ರಿಂಗ್ ಬಟ್ಟೆಯ ಮೇಲೆ ಬಿದ್ದರೆ ಉರುಳುವುದಿಲ್ಲ, ಕಣ್ಣಿಗೂ ಬೀಳುತ್ತದೆ.

ಜೋಡಣೆಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ನಾಲಗೆ ಅರ್ಧ ಹಿಂದೆ ಸರಿದು ಅಲ್ಲಿಯೇ ನಿಲ್ಲುತ್ತಿತ್ತು. ಸ್ಪ್ರಿಂಗಿನ ಸುರುಳಿಗಳ ನಡುವೆ ಏನೋ ಕಂದು ಬಣ್ಣದ್ದು. ಚಿಮುಟದಲ್ಲಿ ಹಿಡಿದು ತಿರುಚಿದರೆ ಪುಡಿ ಉದುರಿತು, ಮತ್ತೊಮ್ಮೆ ತಿರುಚಿದಾಗ ಕಳಚಿ ಬಂತು. ಬ್ಲೌಸಿನ ಹುಕ್ಕು! ತುಕ್ಕು ಹಿಡಿದು ಅಕ್ಕಿಕಾಳಿನಷ್ಟು ದಪ್ಪವಾಗಿತ್ತು, ಅದರ ಬಾಗಿದ ಮೂತಿ ಸ್ಪ್ರಿಂಗಿನ ಎರಡನೆಯ ಸುತ್ತಿಗೆ ಸಿಕ್ಕಿಕೊಂಡಿತ್ತು. ಡಬ್ಬಿಯಲ್ಲಿ ಸದಾ ಒಂದು ಹುಕ್ಕಿನ ಕಾರ್ಡು ಎಸೆದಿಡುವವಳು ನಾನೇ, ಇನ್ನು ಯಾರನ್ನು ಬೈಯುವುದು? ನಮ್ಮವರು ಬಂದು ನೋಡಿ, ಗಟ್ಟಿಯಾಗಿ ನಗಲಿಲ್ಲವಾದರೂ ಮೀಸೆಯೊಳಗೆ ನಕ್ಕರು.

ನಿಮ್ಮ ಡಬ್ಬಿಯಲ್ಲಿ ಸಿಗುವುದು ಅಡಿಕೆಯ ಚೂರೋ, ಗುಂಡುಪಿನ್ನೋ, ಚಿಲ್ಲರೆಯೋ ಇರಬಹುದು. ಏನೇ ಇದ್ದರೂ ಹಳೆಯ ಟೂತ್‌ಬ್ರಷ್‌ನಿಂದ ಮೊದಲು ಒಣಗಿದ್ದಂತೆಯೇ ಉಜ್ಜಿ, ಆಮೇಲೆ ಸಾಬೂನು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ. ಪೆಟ್ರೋಲ್, ಥಿನ್ನರ್ ಬೇಡ, ಕೆಲವು ಪ್ಲಾಸ್ಟಿಕ್ಕುಗಳು ಅವುಗಳಿಂದ ಬಿರಿಯುತ್ತವೆ. ಸ್ಪ್ರಿಂಗ್ ತುಕ್ಕಿನಿಂದ ತೆಳುವಾಗಿದ್ದರೆ ಅಷ್ಟೇ ಉದ್ದ, ಅಷ್ಟೇ ದಪ್ಪದ ಬೇರೆ ಸ್ಪ್ರಿಂಗ್ ಹಾಕಬಹುದು. ಆದರೆ ಕೈಹಿಡಿಯ ಕೀಲಿನ ಕಡ್ಡಿ ಮುರಿದಿದ್ದರೆ ಅಂಟಿನ ಮೇಲೆ ಆಸೆ ಇಡಬೇಡಿ. ದಿನವೂ ಎಳೆತ ತಿನ್ನುವ ಜಾಗದಲ್ಲಿ ಅಂಟು ಹೆಚ್ಚು ದಿನ ನಿಲ್ಲದು. ಆಗ ಕೈಹಿಡಿಯ ಜೋಡಣೆಯನ್ನಷ್ಟೇ ಹುಡುಕಿ ತರುವುದು ವಾಸಿ.

ಇನ್ನು ಎಣ್ಣೆಯ ಮಾತು. ಬೀಗ ಬಿಗಿಯಾದರೆ ನಮ್ಮ ಕಡೆ ಮೊದಲು ನೆನಪಾಗುವುದು ಕೊಬ್ಬರಿ ಎಣ್ಣೆ, ನನಗಾದರೆ ಹೊಲಿಗೆ ಯಂತ್ರದ ಎಣ್ಣೆ. ಎರಡು ವರ್ಷದ ಹಿಂದೆ ಇದೇ ಡಬ್ಬಿಯ ಬ್ಯಾರಲ್ ಬಿಗಿಯಾದಾಗ ನಾಲ್ಕು ಹನಿ ಬಿಟ್ಟಿದ್ದೆ. ವಾರ ಪೂರ್ತಿ ಬೆಣ್ಣೆಯ ಹಾಗೆ ತಿರುಗಿತು. ದೀಪಾವಳಿಯ ಹೊತ್ತಿಗೆ ಮೊದಲಿಗಿಂತ ಬಿಗಿ. ಹೊಲಿಗೆ ಯಂತ್ರಕ್ಕೆ ಎಣ್ಣೆ ಹೊಂದುತ್ತದೆ, ಏಕೆಂದರೆ ಅದು ನಿಮಿಷಕ್ಕೆ ನೂರಾರು ಸಲ ಓಡಾಡುತ್ತದೆ, ನಾವು ಆಗಾಗ ಒರೆಸಿ ಹೊಸ ಎಣ್ಣೆ ಬಿಡುತ್ತಿರುತ್ತೇವೆ. ಬೀಗದ ಒಳಗೆ ಒರೆಸುವವರು ಯಾರು? ಬ್ಯಾರಲ್‌ನಲ್ಲಿ ತೆಳ್ಳಗಿನ ಬಿಲ್ಲೆಗಳು ಸಾಲಾಗಿ ಇರುತ್ತವೆ, ಒಂದೊಂದಕ್ಕೂ ಕೂದಲೆಳೆಯಂಥ ಸ್ಪ್ರಿಂಗ್. ಸರಿಯಾದ ಬೀಗದ ಕೈ ಹೋದಾಗ ಬಿಲ್ಲೆಗಳೆಲ್ಲ ಬ್ಯಾರಲ್‌ನ ಮೈಗೆ ಸಮನಾಗುತ್ತವೆ, ಆಗ ಅದು ತಿರುಗುತ್ತದೆ. ಎಣ್ಣೆಗೆ ಧೂಳು ಕೂಡಿ ಅಂಟಾದರೆ ಒಂದು ಬಿಲ್ಲೆ ಹೊರಗೇ ಉಳಿಯುತ್ತದೆ. ಕೈ ತಿರುಗದಿರಲು ಅಷ್ಟು ಸಾಕು.

ಬ್ಯಾರಲ್‌ಗೆ ಬೇಕಾದದ್ದು ಒಣಗಿದ ಗ್ರಾಫೈಟ್, ಎಂದರೆ ಪೆನ್ಸಿಲ್ಲಿನೊಳಗಿನ ಕಪ್ಪು ಕಡ್ಡಿ. ಚಿತ್ರ ಬರೆಯುವ ಮೆತ್ತನೆಯ 6ಬಿ ಪೆನ್ಸಿಲ್ ತೆಗೆದುಕೊಂಡು ಬೀಗದ ಕೈಯ ಎರಡೂ ಮೈಗೆ, ಹಲ್ಲುಗಳಿಗೆ ಕಪ್ಪಗಾಗುವಷ್ಟು ತಿಕ್ಕಿ. ಹತ್ತು ಸಲ ಒಳಗೆ ಹಾಕಿ ತೆಗೆಯಿರಿ, ಒರೆಸಿ, ಮತ್ತೆ ತಿಕ್ಕಿ. ನಾನು ಎಣ್ಣೆ ಬಿಟ್ಟ ಪಾಪಕ್ಕೆ ಬ್ಯಾರಲ್ಲನ್ನೇ ಹೊರಗೆ ತೆಗೆದು ತೊಳೆಯಬೇಕಾಯಿತು. ಹಾಗೆ ತೆಗೆಯುವವರು ಒಂದನ್ನು ಮರೆಯಬಾರದು. ಬೀಗದ ಕೈಯನ್ನು ಬ್ಯಾರಲ್‌ನ ಒಳಗೆ ಇಟ್ಟುಕೊಂಡೇ ಅದರ ಪಕ್ಕದ ಸಣ್ಣ ತಡೆಯನ್ನು ಸೂಜಿಯಿಂದ ಒತ್ತಿ ಹೊರಗೆಳೆಯಬೇಕು, ಎಳೆದ ಮೇಲೂ ಕೈ ತೆಗೆಯಬಾರದು. ತೆಗೆದರೆ ಬಿಲ್ಲೆಗಳು ಹೊರಕ್ಕೆ ಚಿಮ್ಮಿಬಿಡಬಹುದು, ಅವುಗಳ ಸಾಲು ತಪ್ಪಿದರೆ ನಿಮ್ಮ ಬೀಗದ ಕೈಗೆ ಆ ಬೀಗ ಅಪರಿಚಿತ. ನಾನು ಕೈಗೂ ಬ್ಯಾರಲ್‌ಗೂ ದಾರ ಸುತ್ತಿ ಕಟ್ಟಿಯೇ ತೊಳೆದೆ. ಬೀಗದ ಕೈ ಮಾತ್ರ ಸವೆದಿದ್ದರೆ ಇಷ್ಟೆಲ್ಲ ಬೇಡ, ಮನೆಯಲ್ಲಿ ಬಳಸದೆ ಇಟ್ಟ ಎರಡನೆಯ ಕೈ ಹಾಕಿ ನೋಡಿ. ನಕಲು ಮಾಡಿಸುವುದಾದರೆ ಅದರಿಂದಲೇ ಮಾಡಿಸಿ. ಸವೆದ ಕೈಯ ನಕಲು ಸವೆದ ಕೈಯೇ ಆಗಿರುತ್ತದೆ.

ನಾಲಗೆಗೆ ಮಾತ್ರ ಬೆಂಕಿಕಡ್ಡಿಯ ತುದಿಯಲ್ಲಿ ಹತ್ತುವಷ್ಟು ಬಿಳಿ ಗ್ರೀಸ್ ಸವರಬಹುದು.

ಮರುಜೋಡಣೆಯಲ್ಲಿ ನನ್ನ ಕಸುಬಿನ ಒಂದು ಉಪಾಯ ಕೆಲಸಕ್ಕೆ ಬಂತು. ಡಬ್ಬಿಯನ್ನು ಹಾಕಿದ ಮೇಲೆ ನಾಲಗೆ ಕೊಂಡಿಯ ಎಲ್ಲಿಗೆ ತಾಗುತ್ತದೆ ಎಂದು ಹೊರಗಿನಿಂದ ಕಾಣುವುದಿಲ್ಲ. ನಾಲಗೆಯ ತುದಿಗೆ ಟೈಲರ್ ಚಾಕ್ ಬಳಿದು, ಒಮ್ಮೆ ಮೆಲ್ಲಗೆ ಮುಚ್ಚಿ ತೆರೆಯಿರಿ. ಕೊಂಡಿಯ ಮೇಲೆ ಚಾಕಿನ ಗುರುತು ಬಿದ್ದಿರುತ್ತದೆ. ನಡುವೆ ಬಿದ್ದಿದ್ದರೆ ಸರಿ. ನನ್ನದು ಕೆಳಗಿನ ಅಂಚಿಗೆ ಬಿದ್ದಿತ್ತು, ಎಂದರೆ ಇಷ್ಟು ವರ್ಷಗಳಲ್ಲಿ ಡಬ್ಬಿ ತನ್ನ ಭಾರಕ್ಕೆ ಒಂದೆರಡು ಮಿಲಿಮೀಟರ್ ಜೋತಿದೆ. ಕೊಂಡಿಯ ಸ್ಕ್ರೂ ಸಡಿಲಿಸಿ ಅಷ್ಟೇ ಕೆಳಕ್ಕೆ ಜಾರಿಸಿ ಬಿಗಿದೆ. ಪ್ಲಾಸ್ಟಿಕ್ಕಿಗೆ ಸ್ಕ್ರೂ ಬಿಗಿಯುವಾಗ ತಡೆ ಸಿಕ್ಕ ಕೂಡಲೇ ನಿಲ್ಲಿಸಬೇಕು, ಇನ್ನರ್ಧ ಸುತ್ತು ಹಾಕಿದರೆ ತೂತು ಸವೆದು ಸ್ಕ್ರೂ ಸುಮ್ಮನೆ ತಿರುಗುತ್ತದೆ. ಸವೆದೇ ಹೋಗಿದ್ದರೆ ಉದ್ದ ಅಷ್ಟೇ ಇರುವ, ಒಂದು ಅಳತೆ ದಪ್ಪನೆಯ ಸ್ಕ್ರೂ ಹಾಕಿ.

ಇಷ್ಟಾದರೂ ತುಕ್ಕು ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿದಿತ್ತು. ಡಬ್ಬಿಯ ತಳದಲ್ಲಿ ಬೂಷ್ಟು, ಕೆಳಗಿನ ಕಾರ್ಪೆಟ್ ಒದ್ದೆ. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುತ್ತದೆ ನಿಜ, ಆದರೆ ಗಾಜು ಏರಿಸಿದ ಗಾಡಿಯೊಳಗೆ ಅದು ಬರಬಾರದು. ಬಾನೆಟ್ ಎತ್ತಿ ವೈಪರಿನ ಬುಡ ನೋಡಿದರೆ ಹಲಸಿನ ಎಲೆಗಳು ಕೊಳೆತು ಗೊಬ್ಬರವಾಗಿ, ನೀರು ಹರಿದುಹೋಗುವ ತೂತನ್ನು ಮುಚ್ಚಿಬಿಟ್ಟಿದ್ದವು. ನಿಂತ ನೀರು ಗಾಳಿ ಹೋಗುವ ದಾರಿಯಿಂದ ಒಳಗೆ ಇಳಿದು, ಎಡಗಡೆ ಡ್ಯಾಶ್‌ಬೋರ್ಡಿನ ಹಿಂದೆ ತೊಟ್ಟಿಕ್ಕುತ್ತಿತ್ತು. ಮರದ ಕೆಳಗೆ ಗಾಡಿ ನಿಲ್ಲಿಸುವವರು ಮಳೆಗಾಲಕ್ಕೆ ಮೊದಲು ಈ ತೂತನ್ನು ಬಿಡಿಸಲೇಬೇಕು. ಇದೊಂದನ್ನು ಮಾಡದೆ ಬಿಟ್ಟರೆ ಬೀಗವನ್ನು ಎಷ್ಟು ಸಲ ತೊಳೆದರೂ ಮುಂದಿನ ಪುಷ್ಯ ಮಳೆಗೆ ಮತ್ತೆ ಅದೇ ಕಥೆ.

ಜೋಡಿಸಿದ ಮೇಲೆ ಹತ್ತು ಸಲ ಮುಚ್ಚಿ ತೆರೆದೆ, ಎರಡು ಸಲ ಬೀಗ ಹಾಕಿ ತೆಗೆದೆ, ಆಮೇಲೆ ಗುಂಡಿಗಳಿರುವ ನಮ್ಮ ಕೇರಿಯ ರಸ್ತೆಯಲ್ಲಿ ಒಂದು ಸುತ್ತು ಹೊಡೆದೆ. ಬಾಯಿ ಬಿಡಲಿಲ್ಲ. ಒಂದು ವಾರ ಬಿಟ್ಟು ಕೊಂಡಿಯ ಸ್ಕ್ರೂಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿದೆ, ಒಂದು ತುಸು ಸಡಿಲವಾಗಿತ್ತು. ಡ್ಯಾಂಪರ್ ಮಾತ್ರ ಬಿಡಿಸುವಾಗ ನನ್ನ ಕೈಯಲ್ಲಿಯೇ ಮುರಿಯಿತು. ಸದ್ಯಕ್ಕೆ ಅದರ ಜಾಗದಲ್ಲಿ ನಾಲ್ಕೆಳೆ ನೈಲಾನ್ ದಾರ ಕಟ್ಟಿದ್ದೇನೆ, ಡಬ್ಬಿ ಟಪ್ಪನೆ ಬಿದ್ದು ದಾರಕ್ಕೆ ಜೋತು ನಿಲ್ಲುತ್ತದೆ. ಲೈನಿಂಗ್ ಬಟ್ಟೆ ತರಲು ಶಿವಮೊಗ್ಗದ ಗಾಂಧಿ ಬಜಾರ್‌ಗೆ ಹೋದಾಗ ಹಳೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದು ಡ್ಯಾಂಪರ್ ವಿಚಾರಿಸಬೇಕು.