ಇಂಟರ್‌ವ್ಯೂ ‘ಫಾರ್ವರ್ಡ್’ ಆಗಿದೆ ಅಂದರೆ ಯಾವತ್ತು ಹೋಗಬೇಕು?

ಹಾಸನ, ಚಿಕ್ಕಮಗಳೂರು ಕಡೆಯಿಂದ ಇಂಗ್ಲೆಂಡಿಗೆ ಓದಲಿಕ್ಕೋ ಕೆಲಸಕ್ಕೋ ಹೊರಟಿದ್ದೀರಾ? ಸ್ವೆಟರು, ಚಟ್ನಿಪುಡಿ ಎಲ್ಲ ಮನೆಯವರು ನೋಡಿಕೊಳ್ಳುತ್ತಾರೆ. ನಾನು ಒಂದು ಮಾತಿನ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ಕಡೆಯವರು ಇದರಲ್ಲೇ ಜಾಸ್ತಿ ಸಿಕ್ಕಿಬೀಳುವುದು.

ಬುಧವಾರದ ಇಂಟರ್‌ವ್ಯೂ ‘ಮೂವ್ಡ್ ಫಾರ್ವರ್ಡ್ ಬೈ ಟೂ ಡೇಸ್’ ಅಂತ ಮೇಲ್ ಬಂತು ಅನ್ನಿ. ಸೋಮವಾರವೋ, ಶುಕ್ರವಾರವೋ? ಸಕಲೇಶಪುರದಲ್ಲಿ ಮಳೆ ಹಿಡಿದು ಕಾಫಿ ಕೊಯ್ಲು ಎರಡು ದಿನ ಮುಂದಕ್ಕೆ ಹೋಯ್ತು ಅಂದರೆ ಯಾರಿಗೂ ಅನುಮಾನವಿಲ್ಲ, ತಡವಾಯ್ತು ಅಂತಲೇ ಅರ್ಥ. ಅದೇ ಅಭ್ಯಾಸದಲ್ಲಿ ನೀವು ಶುಕ್ರವಾರ ಅಂದುಕೊಳ್ಳುತ್ತೀರಿ. ಮೇಲ್ ಕಳಿಸಿದವರ ಮನಸ್ಸಿನಲ್ಲಿ ಸೋಮವಾರ ಇರಬಹುದು.

ನನ್ನ ಇಂಗ್ಲಿಷ್ ಸಾಲದು ಅಂತ ಕುಗ್ಗಬೇಡಿ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಇದಕ್ಕೆ ಎರಡು ಥರ ಉತ್ತರ ಕೊಡುತ್ತಾರೆ. ಲೆರಾ ಬೊರೊಡಿಟ್ಸ್ಕಿ, ಮೈಕೆಲ್ ರಾಮ್ಸ್ಕರ್ ಎಂಬ ಸಂಶೋಧಕರು ಇದೇ ಪ್ರಶ್ನೆಯನ್ನು ಏರ್‌ಪೋರ್ಟಿನಲ್ಲಿ ಕೇಳಿ ನೋಡಿ, 2002ರಲ್ಲಿ ಪ್ರಕಟಿಸಿದರು. ಆಗಷ್ಟೇ ವಿಮಾನ ಇಳಿದವರಲ್ಲಿ ಶುಕ್ರವಾರ ಅಂದವರು ಜಾಸ್ತಿ. ಯಾರನ್ನೋ ಕರೆದುಕೊಂಡು ಹೋಗಲು ಬಂದು ಕಾಯುತ್ತಿದ್ದವರಲ್ಲಿ ಅಷ್ಟು ಜನ ಹಾಗನ್ನಲಿಲ್ಲ. ಪ್ರಯಾಣ ಮಾಡಿ ಬಂದವರಿಗೆ ಕಾಲದಲ್ಲೂ ತಾವೇ ಮುಂದೆ ಸಾಗುತ್ತಿರುವ ಹಾಗೆ ಅನ್ನಿಸುತ್ತದಂತೆ. ಇಲ್ಲಿಗೆ ಬಂದಾಗ ನೀವೂ ಆಗಷ್ಟೇ ವಿಮಾನ ಇಳಿದವರೇ ಅಲ್ವಾ?

‘ಬ್ರಿಂಗ್ ಫಾರ್ವರ್ಡ್’ ಅಂದರೆ ಮಾತ್ರ ಇಲ್ಲಿ ಇಂಗ್ಲೆಂಡಿನಲ್ಲಿ ಗೊಂದಲವಿಲ್ಲ, ಮೊದಲೇ ಅಂತ. ‘ಪುಟ್ ಬ್ಯಾಕ್’ ಅಂದರೆ ತಡವಾಗಿ. ನಾವು ಊರಲ್ಲಿ ಹೇಳುವುದಕ್ಕೆ ಪೂರ್ತಿ ಉಲ್ಟಾ. ಇನ್ನು ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ ನಾವು ಹೇಳುವ ‘ಪ್ರಿಪೋನ್’ ಅನ್ನುವ ಮಾತನ್ನು ಇಲ್ಲಿ ಎಷ್ಟೋ ಜನ ಕೇಳಿಯೇ ಇಲ್ಲ.

ಗಂಟೆ ಹೇಳುವಾಗಲೂ ಹೀಗೇ: ಇಲ್ಲಿ ‘ಹಾಫ್ ಸೆವೆನ್’ ಅಂದರೆ ಏಳೂವರೆ. ಟೀಮಿನಲ್ಲಿ ಜರ್ಮನಿಯವರಿದ್ದರೆ ಹುಷಾರು, ಅವರ ಭಾಷೆಯಲ್ಲಿ ಅದೇ ಮಾತಿಗೆ ಆರೂವರೆ ಅಂತ ಅರ್ಥ.

ಅನುಮಾನ ಬಂದರೆ ಸುಮ್ನೆ ಇರಬೇಡಿ. ದೊಡ್ಡವರನ್ನು ಮತ್ತೆ ಮತ್ತೆ ಹೇಗೆ ಕೇಳುವುದು ಅನ್ನುವ ಸಂಕೋಚ ನಮ್ಮವರಿಗೆ ಇದ್ದೇ ಇದೆ. ದಯವಿಟ್ಟು ಅದನ್ನು ಬಿಡಿ. ಕೇಳಿದರೆ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ವಾರ, ತಾರೀಖು, ಗಂಟೆ ಮೂರನ್ನೂ ಹಾಕಿ, ‘ಜಸ್ಟ್ ಟು ಕನ್ಫರ್ಮ್’ ಅಂತ ಒಂದು ಸಾಲು ಬರೆದು ಕಳಿಸಿ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ಯಾಕೆಂದರೆ ಅಮೆರಿಕದ ಆಫೀಸಿನವರಿಗೆ 3/4 ಅಂದರೆ ಮಾರ್ಚ್ 4. ಇಂಟರ್‌ವ್ಯೂ ವಿಷಯವಾದರೆ ಮೇಲ್‌ಗೆ ಉತ್ತರ ಬರಲಿ ಅಂತ ಕಾಯುತ್ತಾ ಕೂರಬೇಡಿ, ಅವತ್ತೇ ಫೋನ್ ಮಾಡಿ ಕೇಳಿಬಿಡಿ.