ಇಂಗ್ಲೆಂಡಿನ ಹಳೆಯ ಪ್ಯಾರಿಷ್ ಚರ್ಚಿನ ವಯಸ್ಸನ್ನು ಗೋಡೆಗಳಿಂದ ಗುರುತಿಸುವ ಕ್ರಮ

ಇಂಗ್ಲೆಂಡಿನ ಹಳ್ಳಿಯ ಚರ್ಚೊಂದರ ಮುಂದಿನ ಫಲಕದಲ್ಲಿ ‘12ನೆಯ ಶತಮಾನ’ ಎಂದು ಬರೆದಿದ್ದರೆ ಅದನ್ನು ಇಡೀ ಕಟ್ಟಡದ ವಯಸ್ಸೆಂದು ತಿಳಿಯಬಾರದು; ಹೆಚ್ಚಿನ ಸಂದರ್ಭಗಳಲ್ಲಿ ಅದು ಒಂದು ಬಾಗಿಲಿನ ಅಥವಾ ಒಂದು ಗೋಡೆಯ ವಯಸ್ಸು ಮಾತ್ರ. ಜನ ಹೆಚ್ಚಿದಾಗ ಪಕ್ಕಕ್ಕೆ ಕಂಬಗಳಾಚೆಯ ಓಣಿಯಂಥ ಪಕ್ಕಸಾಲುಗಳನ್ನು ಸೇರಿಸಿ, ಉಣ್ಣೆಯ ವ್ಯಾಪಾರದಿಂದ ಹಣ ಬಂದಾಗ ಗೋಡೆಯನ್ನು ಎತ್ತರಿಸಿ, ಕಾಲ ಕೆಟ್ಟಾಗ ಇದ್ದುದನ್ನೇ ತೇಪೆ ಹಾಕಿ ಉಳಿಸಿಕೊಂಡು ಬಂದ ಕಟ್ಟಡಗಳಿವು. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ ‘ಇದು ಯಾವಾಗ ಕಟ್ಟಿದ್ದು’ ಎಂಬುದಲ್ಲ, ‘ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ’ ಎಂಬುದು.

ಒಳಗೆ ಹೋಗುವ ಮುನ್ನ ಕಟ್ಟಡವನ್ನು ಹೊರಗಿನಿಂದ ಒಂದು ಸುತ್ತು ಬರಬೇಕು. ಬಲಿಪೀಠವಿರುವ ಚಾನ್ಸೆಲ್ ಪೂರ್ವಕ್ಕೂ ಗೋಪುರ ಸಾಮಾನ್ಯವಾಗಿ ಪಶ್ಚಿಮಕ್ಕೂ ಇರುತ್ತವೆ. ನಡುವೆ ಜನರು ಕೂಡುವ ನೇವ್ ಇರುತ್ತದೆ. ಮಧ್ಯಯುಗದಲ್ಲಿ ಚಾನ್ಸೆಲ್‌ನ ದುರಸ್ತಿ ರೆಕ್ಟರನ, ಅಂದರೆ ಊರಿನ ದಶಾಂಶ ಕಾಣಿಕೆಗೆ ಹಕ್ಕುಳ್ಳವನ, ಹೊಣೆಯಾಗಿದ್ದರೆ ನೇವ್‌ನ ಖರ್ಚು ಊರಿನವರದಾಗಿತ್ತು. ಒಂದೇ ಸೂರಿನಡಿ ಭವ್ಯವಾದ ನೇವ್ ಮತ್ತು ಬಡಕಲು ಚಾನ್ಸೆಲ್ ಅಕ್ಕಪಕ್ಕ ಕಂಡರೆ, ಅದಕ್ಕೆ ಕಾರಣವನ್ನು ಶಿಲ್ಪಿಯ ರುಚಿಯಲ್ಲಿ ಹುಡುಕುವುದಕ್ಕಿಂತ ಈ ಲೆಕ್ಕಾಚಾರದಲ್ಲಿ ಹುಡುಕುವುದು ಒಳ್ಳೆಯದು.

ಸುತ್ತು ಬರುವಾಗ ಕಣ್ಣು ಅಲಂಕಾರಕ್ಕಿಂತ ಮೊದಲು ಕೂಡುಗೆರೆಗಳ ಮೇಲಿರಲಿ. ಎರಡು ಗೋಡೆಗಳು ಸೇರುವಲ್ಲಿ ಕಲ್ಲುಗಳು ಒಂದರೊಳಗೊಂದು ಹೆಣೆದುಕೊಳ್ಳದೆ ನೆಟ್ಟಗಿನ ಬಿರುಕಿನಂತೆ ಗೆರೆ ಕಂಡರೆ, ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಕಟ್ಟಲಾಗಿದೆ ಎಂದರ್ಥ. ಗೋಡೆಯ ನಡುವೆಯೇ ದಪ್ಪ ಮೂಲೆಗಲ್ಲುಗಳ ಸಾಲು ಎದ್ದು ಕಂಡರೆ, ಒಂದು ಕಾಲದಲ್ಲಿ ಕಟ್ಟಡ ಅಲ್ಲಿಗೇ ಮುಗಿಯುತ್ತಿತ್ತು. ಗೋಪುರದ ಪೂರ್ವ ಮುಖದ ಮೇಲೆ, ಈಗಿನ ಮಾಡಿಗಿಂತ ಮೇಲೆ ಅಥವಾ ಕೆಳಗೆ, ಕವುಚಿದ V ಆಕಾರದ ಗುರುತಿದ್ದರೆ ಅದು ಹಿಂದಿನ ಮಾಡು ತಾಗಿದ್ದ ಜಾಗ. ಓರೆ ಬಿಸಿಲಿನ ಹೊತ್ತಿನಲ್ಲಿ ಇಂಥ ಗುರುತುಗಳು ಸ್ಪಷ್ಟವಾಗಿ ಕಾಣುತ್ತವೆ. ಮೋಡ ಕವಿದ ದಿನ ಅರ್ಧದಷ್ಟೂ ಕಾಣುವುದಿಲ್ಲ.

ಈ ವಿಧಾನದ ಬಲವನ್ನು ಅರಿಯಲು ಲಿಂಕನ್‌ಶೈರಿನ ಬಾರ್ಟನ್-ಅಪಾನ್-ಹಂಬರ್‌ನಲ್ಲಿರುವ ಸೇಂಟ್ ಪೀಟರ್ಸ್ ಚರ್ಚಿಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ದಂಡೆತ್ತಿ ಬಂದ 1066ಕ್ಕಿಂತ ಹಿಂದಿನ ಕಟ್ಟಡಗಳನ್ನು ಖಚಿತವಾಗಿ ಗುರುತಿಸುವ ಬಗೆ 19ನೆಯ ಶತಮಾನದ ಆರಂಭದವರೆಗೂ ವಿದ್ವಾಂಸರಿಗೆ ದಕ್ಕಿರಲಿಲ್ಲ. ವಾಸ್ತುಶಿಲ್ಪಿ ಥಾಮಸ್ ರಿಕ್‌ಮನ್ ಈ ಗೋಪುರವನ್ನು ನೋಡಿ ಮಾಡಿದ ತರ್ಕ ಬಹಳ ಸರಳವಾದದ್ದು: ತುದಿಯ ಅಂತಸ್ತು ಆರಂಭದ ನಾರ್ಮನ್ ಶೈಲಿಯದು, ಅದರ ಕೆಳಗಿನ ಅಂತಸ್ತುಗಳು, ಗೋಡೆಯ ಮೇಲೆ ಉಬ್ಬಿದ ಕಲ್ಲಿನ ಪಟ್ಟಿಗಳು ಮತ್ತು ತ್ರಿಕೋನಾಕಾರದ ತಲೆಯ ಕಿಂಡಿಗಳೊಂದಿಗೆ, ತೀರ ಬೇರೆ ರೀತಿಯವು, ಮೇಲಿನದನ್ನು ಕಟ್ಟುವ ಮೊದಲೇ ಕೆಳಗಿನದು ಇದ್ದಿರಲೇಬೇಕಾದ್ದರಿಂದ ಅದು ನಾರ್ಮನ್ನರಿಗಿಂತ ಹಳೆಯದು, ಅಂದರೆ ಆಂಗ್ಲೋ-ಸ್ಯಾಕ್ಸನ್ ಕಾಲದ್ದು. ಯಾವ ದಾಖಲೆಯ ನೆರವೂ ಇಲ್ಲದೆ ಮೇಲು-ಕೆಳಗಿನ ಸಂಬಂಧವೊಂದರಿಂದಲೇ ಹೊರಟ ಈ ತೀರ್ಮಾನ ಇಂದಿಗೂ ನಿಂತಿದೆ. ಈಗ ಪಶ್ಚಿಮದ ತುದಿಯ ಗೋಪುರದಂತೆ ಕಾಣುವ ಇದೇ ಮೂಲ ಚರ್ಚಿನ ಮುಖ್ಯ ಭಾಗವಾಗಿತ್ತು. ಅದರ ಪಶ್ಚಿಮಕ್ಕೆ ಅಂಟಿಕೊಂಡ ಚಿಕ್ಕ ಕೋಣೆ ಉಳಿದಿದೆ, ಪೂರ್ವಕ್ಕಿದ್ದ ಚಿಕ್ಕ ಚಾನ್ಸೆಲ್ ಅಳಿದು ಅಲ್ಲಿ ದೊಡ್ಡ ನೇವ್ ಎದ್ದಿದೆ. 1978ರಿಂದ 1984ರವರೆಗೆ ನಡೆದ ಉತ್ಖನನದಲ್ಲಿ ಇಲ್ಲಿ 2,500ಕ್ಕೂ ಹೆಚ್ಚು ಸಮಾಧಿಗಳು ಸಿಕ್ಕಿದವು.

ಕೂಡುಗೆರೆಗಳಿಂದ ಹಿಂದುಮುಂದು ತಿಳಿದ ಮೇಲೆ ಕಾಲವನ್ನು ಅಂದಾಜಿಸಲು ಕಿಟಕಿಗಳು ನೆರವಾಗುತ್ತವೆ. ಮೊನಚು ಕಮಾನುಗಳ ಇಂಗ್ಲೆಂಡಿನ ಗೋಥಿಕ್ ಶೈಲಿಯನ್ನು ಅರ್ಲಿ ಇಂಗ್ಲಿಷ್, ಡೆಕೊರೇಟೆಡ್, ಪರ್ಪೆಂಡಿಕ್ಯುಲರ್ ಎಂದು ವಿಂಗಡಿಸಿದವನೂ ರಿಕ್‌ಮನ್ನನೇ, 1817ರಲ್ಲಿ. ಕಮಾನು ಅರ್ಧವೃತ್ತಾಕಾರವಾಗಿದ್ದು ಅದರ ಸುತ್ತ ಅಂಕುಡೊಂಕಿನ ಕೆತ್ತನೆಯಿದ್ದರೆ ಅದು ನಾರ್ಮನ್, ಅಂದರೆ 12ನೆಯ ಶತಮಾನದ ಆಚೀಚೆ. ಮೊನಚು ತಲೆಯ, ಕಿರಿದಾದ, ನೀಳವಾದ ಲ್ಯಾನ್ಸೆಟ್ ಕಿಟಕಿಗಳು 13ನೆಯ ಶತಮಾನದವು. ಕಿಟಕಿಯ ತಲೆಯಲ್ಲಿ ಕಲ್ಲಿನ ಜಾಲರಿ ಬಳ್ಳಿಯಂತೆ ಬಳುಕಿದ್ದರೆ ಅದು 14ನೆಯ ಶತಮಾನದ ಮೊದಲರ್ಧದ ಡೆಕೊರೇಟೆಡ್. ನಿಲುವು ಕಂಬಿಗಳು ನೆಟ್ಟಗೆ ಕಮಾನಿನವರೆಗೂ ಏರಿ, ಕಿಟಕಿ ಅಗಲವಾಗಿ, ಕಮಾನು ಚಪ್ಪಟೆಯಾಗಿದ್ದರೆ ಪರ್ಪೆಂಡಿಕ್ಯುಲರ್. 1348–49ರ ಮಹಾಪ್ಲೇಗಿನ ನಂತರ ಸುಮಾರು 1540ರವರೆಗೂ ಊರೂರಿನಲ್ಲಿ ನಡೆದದ್ದು ಇದೇ. ಆದರೆ ಕಿಟಕಿ ಹೇಳುವುದು ತನ್ನ ವಯಸ್ಸನ್ನೇ ಹೊರತು ಗೋಡೆಯ ವಯಸ್ಸನ್ನಲ್ಲ. ಬೆಳಕು ಸಾಲದೆಂದು ನಾರ್ಮನ್ ಗೋಡೆಯನ್ನು ಒಡೆದು 15ನೆಯ ಶತಮಾನದ ಕಿಟಕಿಯನ್ನು ಕೂರಿಸಿರುವುದು ಎಲ್ಲೆಡೆ ಕಾಣಸಿಗುವುದರಿಂದ, ಕಿಟಕಿಯ ಪಕ್ಕದಲ್ಲಿ ಮುಚ್ಚಿದ ಹಳೆಯ ಕಿಂಡಿಯ ಅಂಚೇನಾದರೂ ಇದೆಯೇ ಎಂದು ನೋಡದೆ ಮುಂದೆ ಹೋಗಬಾರದು.

ಒಳಗೆ ಬಂದ ಮೇಲೆ ನೇವ್‌ನ ಉತ್ತರ ಮತ್ತು ದಕ್ಷಿಣದ ಕಂಬಸಾಲುಗಳನ್ನು ಹೋಲಿಸಬೇಕು. ಒಂದು ಬದಿಯಲ್ಲಿ ದುಂಡು ಕಮಾನು, ಇನ್ನೊಂದು ಬದಿಯಲ್ಲಿ ಮೊನಚು ಕಮಾನು ಇದ್ದರೆ ಎರಡು ಪಕ್ಕಸಾಲುಗಳ ನಡುವೆ ತಲೆಮಾರುಗಳ ಅಂತರವಿದೆ. ಪಕ್ಕಸಾಲಿನ ಪೂರ್ವ ತುದಿಯ ಬಳಿ ಗೋಡೆಯಲ್ಲಿ ನೀರು ಹರಿಯುವ ತೂತಿರುವ ಚಿಕ್ಕ ಗೂಡು ಕಂಡರೆ ಅದು ಪಾತ್ರೆ ತೊಳೆಯುವ ಪಿಸೀನಾ. ಅಲ್ಲೊಂದು ಬಲಿಪೀಠವಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಚಾನ್ಸೆಲ್ ಕಮಾನಿನ ಪಕ್ಕದಲ್ಲಿ ಎಲ್ಲಿಗೂ ತಲುಪದ ಮೆಟ್ಟಿಲುಗಳಿದ್ದರೆ, ಶಿಲುಬೆಯ ಮೂರ್ತಿ ನಿಂತಿದ್ದ ಅಟ್ಟಕ್ಕೆ ಹತ್ತುವ ದಾರಿಯದು. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ರೋಮಿನ ಪೋಪರಿಂದ ಬೇರೆಯಾದ ಮತಸುಧಾರಣೆಯ ಕಾಲದಲ್ಲಿ ಮೂರ್ತಿಗಳು ಹೋದವು, ಭಿತ್ತಿಚಿತ್ರಗಳು ಸುಣ್ಣದಡಿ ಸೇರಿದವು, ಮೆಟ್ಟಿಲು ಮಾತ್ರ ಉಳಿಯಿತು. ಆ ಸುಣ್ಣವೇ ಅನೇಕ ಚಿತ್ರಗಳನ್ನು ಕಾಪಾಡಿತೆಂಬುದು ಬೇರೆ ಮಾತು. ದೀಕ್ಷಾಸ್ನಾನದ ಕಲ್ಲುತೊಟ್ಟಿಯ ಅಂಚಿನಲ್ಲಿ ಕಬ್ಬಿಣದ ಕೊಂಡಿ ಕಿತ್ತ ಗಾಯಗಳಿರುವುದುಂಟು: ಪವಿತ್ರ ಜಲವನ್ನು ಮಾಟಕ್ಕೆ ಕದಿಯದಂತೆ ತೊಟ್ಟಿಗೆ ಬೀಗವಿರಬೇಕೆಂದು 1236ರಲ್ಲಿ ಆಜ್ಞೆಯಾಗಿತ್ತು.

ಹೆಚ್ಚು ಎಚ್ಚರ ಬೇಕಾದದ್ದು ವಿಕ್ಟೋರಿಯಾ ಕಾಲದ ಜೀರ್ಣೋದ್ಧಾರದ ವಿಷಯದಲ್ಲಿ. ಅಂದಿನವರು ತಮಗೆ ಮೆಚ್ಚಾದ ಶತಮಾನಕ್ಕೆ ಇಡೀ ಕಟ್ಟಡವನ್ನು ಒಯ್ಯಲು ಹಳೆಯ ಗಾರೆಯನ್ನು ಕೆರೆದು, ಸವೆದ ಕಲ್ಲನ್ನು ತೆಗೆದು ಹೊಸದನ್ನು ಕೂರಿಸಿದರು. ಕವಿ ಮತ್ತು ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಯ ಸಂಘವನ್ನು ಸ್ಥಾಪಿಸಿದ್ದು ಇದನ್ನು ವಿರೋಧಿಸಿಯೇ. ಕೆತ್ತನೆಯ ಅಂಚುಗಳೆಲ್ಲ ಒಂದೇ ಸಮ ಚೂಪಾಗಿದ್ದು, ಮೇಲ್ಮೈ ಯಂತ್ರದಲ್ಲಿ ಕೊಯ್ದಂತಿದ್ದು, ಚಾನ್ಸೆಲ್‌ನ ನೆಲಕ್ಕೆ ಹೊಳೆಯುವ ಬಣ್ಣದ ಹೆಂಚು ಹಾಸಿದ್ದರೆ, ಆ ‘13ನೆಯ ಶತಮಾನ’ವನ್ನು 19ನೆಯ ಶತಮಾನವೆಂದೇ ಮೊದಲು ಶಂಕಿಸಬೇಕು.

ಗೋಡೆಯ ಮೇಲಿನ ಸ್ಮಾರಕಗಳನ್ನು ಕೊನೆಗೆ ಓದಿದರೆ ಸಾಕು. ಅವು ತಮ್ಮ ಸುತ್ತಲಿನ ಗೋಡೆ ಯಾವ ವರ್ಷಕ್ಕೆ ಮೊದಲೇ ನಿಂತಿತ್ತು ಎಂಬುದನ್ನು ಹೇಳುತ್ತವೆ. ಕನ್ನಡಿಗರಿಗೆ ಕೆಲವೊಮ್ಮೆ ಅಲ್ಲಿ ಪರಿಚಿತ ಹೆಸರೂ ಎದುರಾಗುತ್ತದೆ: 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದ ದಂಡನಾಯಕ ಜಾರ್ಜ್ ಹ್ಯಾರಿಸ್‌ನ ಸ್ಮಾರಕವಿರುವುದು ಕೆಂಟಿನ ಥ್ರೋಲಿ ಹಳ್ಳಿಯ ಚರ್ಚಿನಲ್ಲಿ.

ಕಂಡದ್ದನ್ನೆಲ್ಲ ಕಾಗದದ ಮೇಲೆ ನೆಲನಕ್ಷೆಯಾಗಿ ಬರೆದು, ಒಂದೊಂದು ಕಾಲಕ್ಕೆ ಒಂದೊಂದು ಬಣ್ಣ ತುಂಬಬೇಕು. ಖಚಿತವಾಗದ ಗೋಡೆಯನ್ನು ಖಾಲಿಯಾಗಿ ಬಿಡುವುದು ತಪ್ಪಲ್ಲ. ಅದಾದ ಮೇಲೆಯೇ ಇಂಗ್ಲೆಂಡಿನ ರಾಷ್ಟ್ರೀಯ ಪರಂಪರೆಯ ಪಟ್ಟಿಯಲ್ಲಿ ಆ ಚರ್ಚಿನ ವಿವರಣೆಯನ್ನು ತೆರೆಯಬೇಕು. ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ; ಮೊದಲೇ ಓದಿಕೊಂಡು ಹೋದರೆ ಕಣ್ಣು ಅದು ಹೇಳಿದ್ದನ್ನಷ್ಟೇ ಹುಡುಕುತ್ತದೆ. ಭಾನುವಾರ ಬೆಳಿಗ್ಗೆ ಆರಾಧನೆಯ ಹೊತ್ತನ್ನು ತಪ್ಪಿಸಿ ಹೋಗುವುದು ಲೇಸು, ಮತ್ತು ಕತ್ತಲ ಮೂಲೆಗಳಿಗೆ ಒಂದು ಟಾರ್ಚ್ ಜೊತೆಗಿರಲಿ.