ಜೋಡಿಸಿದ ಜೀಪಿನಲ್ಲಿ ದಿನಾ ಶಾಲೆಗೆ

ಹೋದ ವಾರ ಮುಳಬಾಗಿಲಿನಿಂದ ನನ್ನ ಹಳೇ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. "ಸಾರ್, ಕಿಟ್ ಕಾರ್ ತಗೊಳ್ಳೋಣ ಅಂತಿದೀನಿ, ದಿನಾ ಓಡ್ಸೋಕೆ ಆಗುತ್ತಾ?" ಅಂತ ಕೇಳಿದ. ಕಿಟ್ ಕಾರ್ ಅಂದರೆ ಬಿಡಿಭಾಗಗಳಾಗಿ ಕೊಂಡು ನಾವೇ ಜೋಡಿಸಿಕೊಳ್ಳುವ ಕಾರು. ಎರಡೂವರೆ ವರ್ಷದಿಂದ ನಾನು ಓಡಿಸುತ್ತಿರುವುದು ಪೂರ್ತಿ ಕಿಟ್ ಕಾರ್ ಅಲ್ಲ. 1993ರ ಮಹೀಂದ್ರ ಎಂಎಂ 540 ಜೀಪಿನ ಚಾಸಿ (ಗಾಡಿಯ ಅಡಿಯ ಚೌಕಟ್ಟು), ಎಂಜಿನ್ ಉಳಿಸಿಕೊಂಡು, ಲಾರಿಯಲ್ಲಿ ಬಿಡಿಬಿಡಿಯಾಗಿ ಬಂದ ಹೊಸ ಬಾಡಿಯನ್ನು ಅದರ ಮೇಲೆ ಜೋಡಿಸಿದ ಗಾಡಿ. ಕೋಲಾರದ ಮನೆಯಿಂದ ಬಂಗಾರಪೇಟೆ ಕಡೆಯ ನನ್ನ ಹೈಸ್ಕೂಲಿಗೆ ಹೋಗಿ ಬರಲು ದಿನಕ್ಕೆ 40 ಕಿಲೋಮೀಟರ್ ಓಡುತ್ತದೆ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನನಗೂ ಮೊದಲು ಆಸೆ ಇದ್ದದ್ದು ಲೋಟಸ್ ಸೆವೆನ್ ಥರದ ಕಾರಿನ ಮೇಲೆ. 1957ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಪುಟ್ಟ ತೆರೆದ ಕಾರು ಅದು. ಬಿಡಿಭಾಗಗಳಾಗಿ ಕೊಂಡರೆ ಆಗ ಅಲ್ಲಿ ಖರೀದಿ ತೆರಿಗೆ ಉಳಿಯುತ್ತಿತ್ತು, ಹಾಗಾಗಿ ಜನ ಮನೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಹಾಗೆ ಮನೆಯಲ್ಲಿ ಕಟ್ಟಿದ ಒಂದೊಂದು ಗಾಡಿಯನ್ನೂ ಪರೀಕ್ಷೆ ಮಾಡಿ ರಿಜಿಸ್ಟರ್ ಮಾಡುವ ವ್ಯವಸ್ಥೆ ಅಲ್ಲಿ ಈಗಲೂ ಇದೆ. ನಮ್ಮಲ್ಲಿ ಗಾಡಿ ತಯಾರಿಸುವವರು ಕೇಂದ್ರ ಮೋಟಾರು ವಾಹನ ನಿಯಮ 126ರ ಪ್ರಕಾರ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಿಂದ ಆ ಮಾದರಿಗೇ ಒಪ್ಪಿಗೆ ಪಡೆಯಬೇಕು. ಶೆಡ್ಡಿನಲ್ಲಿ ಒಂದೇ ಒಂದು ಕಾರು ಕಟ್ಟುವವನ ಕೈಗೆ ಎಟಕುವ ಕೆಲಸವಲ್ಲ. ಇರುವ ಗಾಡಿಯ ರೂಪ ಬದಲಿಸೋಣವೆಂದರೆ ಅದಕ್ಕೆ ಅಡ್ಡವಾಗಿ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಗಾಡಿ ಹೊಂದಲೇಬೇಕು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅದಕ್ಕೇ ನಾನು ಆರ್‌ಸಿ ಚಾಲ್ತಿಯಲ್ಲಿರುವ ಜೀಪನ್ನೇ ಹುಡುಕಿದೆ. ಅದೇ ಮಾದರಿಯ ಬಾಡಿ, ಅದೇ ಎಂಜಿನ್ ಎಂದು ಮೊದಲೇ ಗಟ್ಟಿ ಮಾಡಿಕೊಂಡೆ. ನಮ್ಮ ದೇಶದ ಜೀಪಿನ ಕಥೆ ಶುರುವಾದದ್ದೂ ಜೋಡಣೆಯಿಂದಲೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮಹೀಂದ್ರದವರು ಮುಂಬೈಯಲ್ಲಿ ಜೋಡಿಸುತ್ತಿದ್ದರು.

ಮೊದಲು ನೋಡಿದ ಗಾಡಿ ಕಣ್ಣಿಗೆ ಚೆನ್ನಾಗಿತ್ತು. ಚಾಸಿ ನಂಬರಿನ ಜಾಗದಲ್ಲಿ ಮಾತ್ರ ಗ್ರೈಂಡರ್ ಆಡಿಸಿದ ಗುರುತು. ಮಾತಾಡದೆ ವಾಪಸ್ ಬಂದೆ. ಎರಡನೆಯದರ ಬಾಡಿ ತುಕ್ಕು ತಿಂದು ಜರಡಿಯಾಗಿತ್ತು, ಆದರೆ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಆರ್‌ಸಿಗೆ ಅಕ್ಷರಶಃ ತಾಳೆಯಾದವು. ಅದನ್ನೇ 1 ಲಕ್ಷ 60 ಸಾವಿರಕ್ಕೆ ತೆಗೆದುಕೊಂಡೆ. ಬಾಡಿಯನ್ನು ಹೊಸದು ಹಾಕಬಹುದು, ನಂಬರನ್ನು ಹಾಕಲಾಗದು.

ಕೆಲಸ ಮಾಡಿಕೊಟ್ಟವರು ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಬುಲ್ಡೋಜರ್ ಕಟ್ಟಿದ ಕೈ. ನಾನು ಅವರನ್ನು ಮೇಸ್ತ್ರಿ ಅಂತಲೂ ಅವರು ನನ್ನನ್ನು ಮೇಷ್ಟ್ರು ಅಂತಲೂ ಕರೆಯುವುದು ರೂಢಿ. ಹೊಸ ಬಾಡಿ ಬಂದಿಳಿದ ದಿನ ನಾನು ಅದನ್ನೇ ಸವರುತ್ತ ನಿಂತಿದ್ದರೆ ಅವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಚಾಸಿಯ ನಾಲ್ಕು ಮೂಲೆಯಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ, ಒಂದು ಮೂಲೆಯಿಂದ ಎದುರು ಮೂಲೆಗೆ, ಎರಡೂ ಕರ್ಣಕ್ಕೆ ಟೇಪ್ ಹಿಡಿದರು. ಎರಡು ಅಳತೆಗೂ 12 ಮಿಲಿಮೀಟರ್ ವ್ಯತ್ಯಾಸ. ಯಾವುದೋ ಕಾಲದಲ್ಲಿ ಮುಂದಿನ ಎಡಮೂಲೆಗೆ ಪೆಟ್ಟು ಬಿದ್ದಿತ್ತು.

"ಮೇಷ್ಟ್ರೇ, ಇದ್ರ ಮೇಲೆ ಬಾಡಿ ಕೂರ್ಸಿದ್ರೆ ಬಾಗ್ಲು ಯಾವತ್ತೂ ಸರಿಯಾಗಿ ಕೂರಲ್ಲ, ಟೈರೂ ಒಂದೇ ಕಡೆ ಸವೀತದೆ" ಎಂದರು. ಚಾಸಿ ನೆಟ್ಟಗೆ ಮಾಡಿಸಲು ಮೂರು ವಾರ ಹೋಯಿತು. ಆ ಮೂರು ವಾರ ನನಗೆ ತಡೆಯಲಾಗದಷ್ಟು ಅವಸರವಿತ್ತು. ಇವತ್ತಿಗೂ ಸ್ಟೀರಿಂಗ್ ಎಳೆಯದೆ ನೇರ ಹೋಗುತ್ತಿದ್ದರೆ ಅದು ಆ ಮೂರು ವಾರದಿಂದ.

ಬಾಡಿಯ ಬೋಲ್ಟಿನ ತೂತುಗಳಲ್ಲಿ ನಾಲ್ಕು ಚಾಸಿಯ ಬ್ರಾಕೆಟ್ಟಿಗೆ ಹೊಂದಲೇ ಇಲ್ಲ. ಮಾರಿದವರಿಗೆ ಫೋನ್ ಮಾಡಿದರೆ, ಸ್ವಲ್ಪ ಎಳೆದು ಕೂರಿಸಿ ಎಂಬ ಉತ್ತರ ಬಂತು. ಎಳೆದು ಕೂರಿಸಿದರೆ ತಗಡು ಸದಾ ಬಿಗಿದುಕೊಂಡೇ ಇದ್ದು, ಒಂದು ವರ್ಷದೊಳಗೆ ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ. ಹಳೇ ತೂತು ಮುಚ್ಚಿ, ಹೊಸದು ಕೊರೆದು, ನಡುವೆ ಹೊಸ ರಬ್ಬರ್ ಬುಷ್ ಇಟ್ಟೆವು.

ರಸ್ತೆಗಿಳಿದ ದಿನದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೊದಲ ವರ್ಷ ಗಾಡಿ ದಾರಿಯಲ್ಲಿ ನಿಂತದ್ದು, ಇಲ್ಲವೇ ಬೆಳಿಗ್ಗೆ ಹೊರಡದೇ ಹೋದದ್ದು 11 ಸಲ. ಅದರಲ್ಲಿ ಎಂಜಿನ್ನಿನ ಒಳಗಿನ ದೋಷ ಒಂದೂ ಇಲ್ಲ. 4.90 ಅಂತ ಕರೆಯುವ, 2112 ಸಿಸಿಯ ಆ ಪೂಜೊ ವಿನ್ಯಾಸದ ಡೀಸೆಲ್ ಎಂಜಿನ್ ತನ್ನ ಪಾಡಿಗೆ ತಾನು ಓಡಿತು. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳವ್ಯಾಸ), ಅದಕ್ಕೇ ಆ ಹೆಸರು. ಕೈಕೊಟ್ಟದ್ದು ಹೆಚ್ಚಾಗಿ ನಾವು ಹೊಸದಾಗಿ ಜೋಡಿಸಿದ ಕಡೆಯೇ: ವೈರು, ಹೋಸು, ಕ್ಲಿಪ್ಪು, ನಟ್ಟು.

ಐದು ಸಲ ತೊಂದರೆ ಕೊಟ್ಟದ್ದು ಅರ್ತಿಂಗ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಒಂದೇ. ಹೆಡ್‌ಲೈಟ್ ಹಾಕಿದರೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಜಿಗಿಯುತ್ತಿತ್ತು, ಇಂಡಿಕೇಟರ್ ಹಾಕಿದರೆ ಡೀಸೆಲ್ ಮುಳ್ಳು ಕುಣಿಯುತ್ತಿತ್ತು. ನಾನು ಮೀಟರೇ ಕೆಟ್ಟಿದೆಯೆಂದು ಎರಡು ಮೀಟರ್ ಬದಲಿಸಿದೆ. ಕಾರಣ ಹೊಸ ಬಣ್ಣ. ಅರ್ತ್ ವೈರಿನ ವಾಷರ್ ಕೆಳಗೆ ಲೋಹದ ಬದಲು ಬಣ್ಣದ ಪದರ ಇದ್ದರೆ ಕರೆಂಟು ವಾಪಸ್ ಹೋಗಲು ಅಡ್ಡದಾರಿ ಹುಡುಕುತ್ತದೆ. ಬಣ್ಣ ಕೆರೆದು, ಬ್ಯಾಟರಿಯಿಂದ ಚಾಸಿಗೆ ಒಂದು, ಎಂಜಿನ್ನಿನಿಂದ ಚಾಸಿಗೆ ಒಂದು, ಬಾಡಿಗೆ ಬೇರೆ ಒಂದು ದಪ್ಪ ಪಟ್ಟಿ ಹಾಕಿದ ಮೇಲೆ ಐದೂ ಕಾಯಿಲೆ ಒಟ್ಟಿಗೇ ಹೋದವು. ಅದರ ಜೊತೆಗೇ ಹೆಡ್‌ಲೈಟಿಗೆ ರಿಲೇ, ಒಂದೊಂದು ಲೈನಿಗೂ ಬೇರೆ ಫ್ಯೂಸ್ ಹಾಕಿಸಿದೆ. ಕಿಟ್ ಜೊತೆ ಬಂದ ವೈರಿಂಗನ್ನು ನಂಬಿ ಕೂರಬೇಡಿ ಅಂತ ಆ ಹುಡುಗನಿಗೆ ಎರಡು ಸಲ ಹೇಳಿದೆ.

ಬಿಸಿಯ ಕಥೆ ಬೇರೆ. ಟೊಮೆಟೊ ಸುಗ್ಗಿಯಲ್ಲಿ ಕೋಲಾರದ ಎಪಿಎಂಸಿ ಹತ್ತಿರ ಕ್ರೇಟ್ ತುಂಬಿದ ಗಾಡಿಗಳ ಹಿಂದೆ ಅರ್ಧ ಗಂಟೆ ನಿಂತರೆ ನನ್ನ ಎಂಜಿನ್ ಕುದಿಯುವ ಹತ್ತಿರ ಬರುತ್ತಿತ್ತು. ನಮ್ಮ ಕಡೆ ಎಷ್ಟೋ ಮೆಕ್ಯಾನಿಕ್‌ಗಳು ಇದಕ್ಕೆ ಕೊಡುವ ಮದ್ದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ) ಕಿತ್ತೆಸೆಯುವುದು. ಮೇಸ್ತ್ರಿ ಬಿಡಲಿಲ್ಲ. ಅದಿಲ್ಲದಿದ್ದರೆ ಎಂಜಿನ್ ಬಿಸಿಯೇರಲು ಬಹಳ ಹೊತ್ತು ಹಿಡಿದು, ಡೀಸೆಲ್ ಸರಿಯಾಗಿ ಉರಿಯದೆ ಹೊಗೆ ಬರುತ್ತದೆ, ಸವೆತವೂ ಹೆಚ್ಚು. ನಮ್ಮ ಅಡುಗೆಮನೆಯ ಪಾತ್ರೆಯಲ್ಲಿ ನೀರು ಕಾಯಿಸಿ, ಅದರಲ್ಲಿ ಥರ್ಮೋಸ್ಟಾಟ್ ಇಳಿಬಿಟ್ಟು ಬಾಯಿ ತೆರೆಯುವುದನ್ನು ನನಗೆ ತೋರಿಸಿದರು. ನಮ್ಮದು ಚೆನ್ನಾಗಿಯೇ ಇತ್ತು. ಕೆಟ್ಟಿದ್ದದ್ದು ರೇಡಿಯೇಟರ್. ಕೋಲಾರದ ಆಳದ ಬೋರ್‌ವೆಲ್ಲಿನ ಗಡಸು ನೀರನ್ನೇ ಹಿಂದಿನವರು ವರ್ಷಗಟ್ಟಲೆ ಸುರಿದಿದ್ದರು. ಕೊಳವೆಗಳ ಒಳಗೆ ನಮ್ಮ ಸ್ನಾನದ ಹಂಡೆಯಲ್ಲಿ ಕಟ್ಟುವಂಥ ಬಿಳಿ ಗರಣೆ. ರೇಡಿಯೇಟರ್ ಬಿಚ್ಚಿಸಿ ಶುಚಿ ಮಾಡಿಸಿ, ಆವತ್ತಿನಿಂದ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬಿಟ್ಟು ಬೇರೇನೂ ಹಾಕಿಲ್ಲ.

ನಿಜವಾಗಿ ಹೆದರಿದ್ದು ಒಂದೇ ಸಲ. ಡೀಸೆಲ್ ಎಂಜಿನ್ನಿನಲ್ಲಿ ಪೆಡಲಿನ ಒತ್ತಡ ಹೆಚ್ಚಿಸುವ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಸಿಗುವುದಿಲ್ಲ, ಅದಕ್ಕೊಂದು ಪಂಪ್ ಬೇಕು. ನನ್ನ ಗಾಡಿಯಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೆನ್ನಿಗಿದೆ, ಎಂಜಿನ್ ಆಯಿಲ್‌ನಿಂದಲೇ ಅದಕ್ಕೆ ಜಿಡ್ಡು. ಅದರ ಹಳೇ ಆಯಿಲ್ ಹೋಸ್ ಒಡೆದು, ಶಾಲೆಯಿಂದ ಬರುವಾಗ ಆಯಿಲ್ ಲೈಟ್ ಮಿಣುಕಿತು. ತಕ್ಷಣ ಆಫ್ ಮಾಡಿದ್ದರಿಂದ ಎಂಜಿನ್ ಉಳಿಯಿತು. ನೂರಿನ್ನೂರು ರೂಪಾಯಿಯ ಹೋಸು ಅದು. ಆಮೇಲೆ ಗಾಡಿಯಲ್ಲಿರುವ ಎಲ್ಲ ರಬ್ಬರ್ ಹೋಸುಗಳನ್ನೂ, ನೋಡಲು ಚೆನ್ನಾಗಿದ್ದವನ್ನೂ ಸೇರಿಸಿ, ಒಂದೇ ಭಾನುವಾರ ಬದಲಿಸಿದೆವು. ಬ್ರೇಕಿನ ವೀಲ್ ಸಿಲಿಂಡರ್ ವಾಷರುಗಳನ್ನು ಮೊದಲೇ ಹೊಸದು ಹಾಕಿದ್ದೆವು, ಅವು ಇಂದಿಗೂ ತಂಟೆ ಮಾಡಿಲ್ಲ.

ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಬೋಲ್ಟಿನ ಮೇಲೂ ಸೇರಿ ಹಳದಿ ಬಣ್ಣದ ಒಂದು ಗೆರೆ ಎಳೆಯುವುದು ಮೇಸ್ತ್ರಿ ಕಲಿಸಿದ್ದು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. 100, 500, 1000 ಕಿಲೋಮೀಟರಿಗೆ ಗಾಡಿ ಕೆಳಗೆ ಮಲಗಿ ನೋಡಿದೆ. ನೂರಕ್ಕೇ ಪ್ಲೇಟ್ ಸ್ಪ್ರಿಂಗಿನ ಯು ಬೋಲ್ಟ್ ಮೂರು ಸಡಿಲಾಗಿದ್ದವು. ಸಾವಿರ ದಾಟಿದ ಮೇಲೆ ಒಂದೂ ಇಲ್ಲ.

ಎರಡನೇ ವರ್ಷ ನಿಂತದ್ದು ಎರಡೇ ಸಲ, ಒಮ್ಮೆ ಪಂಕ್ಚರ್, ಒಮ್ಮೆ ಬ್ಯಾಟರಿ. ಲೀಟರಿಗೆ 11 ಕಿಲೋಮೀಟರ್ ಕೊಡುತ್ತದೆ. ಮಳೆಯಲ್ಲಿ ಗ್ಲಾಸ್ ಫ್ರೇಮಿನ ಕೆಳಗಿಂದ ಮೊಣಕಾಲಿಗೆ ನೀರು ಇನ್ನೂ ಜಿನುಗುತ್ತದೆ. ಎಂಎಂ 540ರ ಮೂಲ ಅಳತೆ ಬಿಟ್ಟು ಆಚೀಚೆ ಹೋಗದ್ದರಿಂದ ಏನು ಬೇಕಾದರೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿದೆ. ಬೇರೆ ಗಾಡಿಯ ಗೇರ್‌ಬಾಕ್ಸು, ಮತ್ತೊಂದರ ಆಕ್ಸಲ್ ಸೇರಿಸಿ ಕಟ್ಟಿದವರೊಬ್ಬರು ನನಗೆ ಗೊತ್ತು. ಒಂದು ಬೇರಿಂಗಿಗಾಗಿ ಅವರ ಜೀಪು ಎರಡು ತಿಂಗಳು ಶೆಡ್ಡಿನಲ್ಲಿತ್ತು.

ಆ ಹುಡುಗನಿಗೆ ಕೊನೆಗೆ ಹೇಳಿದ್ದು ಇಷ್ಟು: ಮೊದಲ ವರ್ಷ ಮನೆಯಲ್ಲಿ ಸ್ಕೂಟರ್ ಒಂದು ಇರಲಿ, ಗಾಡಿಗೆ ಆದ ಖರ್ಚಿನ ಕಾಲು ಭಾಗ ಹಣ ಕೈಯಲ್ಲಿ ಉಳಿದಿರಲಿ. ಮುಂದಿನ ಭಾನುವಾರ ಅವನು ಬರುತ್ತೇನೆಂದಿದ್ದಾನೆ. ಸ್ಟೀರಿಂಗ್ ಬಾಕ್ಸಿನಲ್ಲಿ ಸ್ವಲ್ಪ ಪ್ಲೇ (ಸಡಿಲಾಟ) ಬಂದಿದೆ, ಬುಷ್ ತಂದಿಟ್ಟಿದ್ದೇನೆ. ಮೇಸ್ತ್ರಿಯೂ ಬರುತ್ತಾರೆ, ಅವತ್ತೇ ಬಿಚ್ಚುತ್ತೇವೆ.